ಸವೆದ ಅರದಿಂದ ಅಡುಗೆಮನೆ ಚೂರಿ

ಕೊಡಗಿನಲ್ಲಿ ಕತ್ತಿಯ ಮಾತು ಬಂದರೆ ಮೊದಲು ನೆನಪಾಗುವುದು ಪೀಚೆಕತ್ತಿ. ಬೆಳ್ಳಿ ಕೆಲಸದ ಒರೆ, ಸಣ್ಣ ಸರಪಳಿ, ಸೊಂಟಕ್ಕೆ ಸುತ್ತುವ ಕೆಂಪು ಚೇಲೆಯಲ್ಲಿ ಸಿಕ್ಕಿಸಿದಾಗ ಬರುವ ಗತ್ತು. ಅದರ ಜೊತೆಗೆ ಬೆನ್ನ ಹಿಂದೆ ಕತ್ತಿ ಸಿಕ್ಕಿಸುವ ಕೊಂಡಿಯಾದ ತೋಡಂಗ್‌ನಲ್ಲಿ ನಿಲ್ಲುವ ಒಡಿಕತ್ತಿ. ಮದುವೆಯಲ್ಲಿ ಬಾಳೆ ಕಡಿಯುವ ಹೊತ್ತಿಗೆ ಅದು ಕೈಗೆ ಬರುತ್ತದೆ. ಎರಡೂ ಚೆಂದ, ಎರಡರ ಬಗ್ಗೆಯೂ ಸಾಕಷ್ಟು ಜನ ಬರೆದಿದ್ದಾರೆ. ನಾನು ಬರೆಯಲು ಹೊರಟಿರುವುದು ಯಾರೂ ಫೋಟೋ ತೆಗೆಯದ ಚೂರಿಯ ಬಗ್ಗೆ. ತೋಟದ ಸ್ಟೋರಿನ ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿರುವ ಹಳೆ ಅರ ಇರುತ್ತಲ್ಲ, ಅದರಿಂದ ಮಾಡುವ ಅಡುಗೆಮನೆ ಚೂರಿ.

ಅರದಿಂದ ಚೂರಿ ಮಾಡುವುದನ್ನು ತೋರಿಸುವ ವಿಡಿಯೋಗಳು ಈಗ ಬೇಕಾದಷ್ಟಿವೆ. ಬಹುತೇಕ ಎಲ್ಲದರಲ್ಲೂ ಕಿಡಿ ಹಾರುತ್ತದೆ, ಆಕಾರ ಬರುತ್ತದೆ, ಹಿಡಿ ಕೂರುತ್ತದೆ, ಕೊನೆಗೆ ಒಂದು ಕಾಗದ ಸರ್ರನೆ ಸೀಳುತ್ತದೆ. ನಡುವೆ ಬೆಂಕಿಯ ಕೆಲಸ ಮಾತ್ರ ಅರ್ಧ ನಿಮಿಷದಲ್ಲಿ ಮುಗಿದುಹೋಗುತ್ತದೆ. ನನಗೆ ಇದು ಸರಿ ಕಾಣುವುದಿಲ್ಲ. ಆಕಾರವನ್ನು ತಾಳ್ಮೆ ಇರುವ ಯಾರು ಬೇಕಾದರೂ ತರಬಹುದು. ಚೂರಿ ಚೂರಿಯಾಗುವುದು ಹದದಲ್ಲಿ, ಅಂದರೆ ಉಕ್ಕನ್ನು ಕಾಯಿಸಿ ತಣಿಸುವ ಲೆಕ್ಕದಲ್ಲಿ. ಆ ಹದವನ್ನು ಕಣ್ಣಲ್ಲೇ ಅಳೆಯುವವರು ನಮ್ಮ ಸುತ್ತಮುತ್ತ ಇನ್ನೂ ಒಬ್ಬಿಬ್ಬರು ಇದ್ದಾರೆ. ಅವರ ಕುಲುಮೆಗಳು ಒಂದೊಂದಾಗಿ ಆರುತ್ತಿವೆ. ಅದಕ್ಕೇ ಇದನ್ನು ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ಅರದ ವಿಷಯ. ಕಾಫಿ ತೋಟದಲ್ಲಿ ಅರ ಇಲ್ಲದ ದಿನ ಇಲ್ಲ. ಕಾಡು, ಅಂದರೆ ಕಳೆ, ಕಡಿಯುವ ಕತ್ತಿಗೆ ಅರ ಬೇಕು, ನೆರಳು ಮರದ ಕೊಂಬೆ ಸವರುವ ಮರಕಸಿಯವರ ಕತ್ತಿಗೆ ಬೇಕು, ಮರ ಕೊಯ್ಯುವ ಮೆಷಿನ್ನಿನ ಚೈನಿಗೆ ದುಂಡಗಿನ ಅರ ಬೇಕು. ಗಟ್ಟಿ ಉಕ್ಕಿನ ಮೇಲೆ ಉಜ್ಜಿ ಉಜ್ಜಿ ಅದರ ಹಲ್ಲು ಸವೆಯುತ್ತದೆ. ಹಿಂದಕ್ಕೆ ಎಳೆಯುವಾಗಲೂ ಒತ್ತಿ ಎಳೆದರೆ ಹಲ್ಲು ಮುರಿಯುತ್ತದೆ. ಒಮ್ಮೆ ಸವೆದರೆ ಅದು ಯಾರಿಗೂ ಬೇಡ. ಬಿಸಾಡಲೂ ಮನಸ್ಸು ಬರುವುದಿಲ್ಲ. ಹಾಗಾಗಿ ಪ್ರತಿ ತೋಟದ ಸ್ಟೋರಿನಲ್ಲೂ ಹಳೆ ಮೊಳೆ, ನಟ್ಟು, ಬೋಲ್ಟಿನ ಡಬ್ಬದ ಜೊತೆ ಕೆಲವು ಅರಗಳು ಬಿದ್ದಿರುತ್ತವೆ. ಗುಜರಿಯವರು ಬಂದಾಗ ಅವು ಕಬ್ಬಿಣದ ತೂಕಕ್ಕೆ ಹೋಗುತ್ತವೆ.

ಆದರೆ ಅದು ಬರೀ ಕಬ್ಬಿಣ ಅಲ್ಲ. ಒಳ್ಳೆ ಅರದ ಉಕ್ಕಿನಲ್ಲಿ ಶೇಕಡ 1ರಿಂದ 1.2ರವರೆಗೆ ಇಂಗಾಲ ಇರುತ್ತದೆ. ಕೇಳಲು ಕಡಿಮೆ ಅನ್ನಿಸಬಹುದು. ಆದರೆ ಕಿಟಕಿ ಸರಳಿನ ಕಬ್ಬಿಣದಲ್ಲಿ ಇರುವುದು ಸುಮಾರು ಇದರ ಐದನೇ ಒಂದು ಭಾಗ ಅಷ್ಟೇ. ಆ ಇಂಗಾಲ ಇರುವುದರಿಂದಲೇ ಅರ ಅಷ್ಟು ಗಟ್ಟಿ. ಗಡಸುತನ ಅಳೆಯುವ ರಾಕ್‌ವೆಲ್ ಅಳತೆಯಲ್ಲಿ ಅದು 62ರಿಂದ 65ರ ಆಸುಪಾಸು ಬರುತ್ತದೆ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸ್ಟೀಲ್ ಚೂರಿ ಅದೇ ಅಳತೆಯಲ್ಲಿ 54ರಿಂದ 58ರಲ್ಲಿ ನಿಲ್ಲುತ್ತದೆ. ಅದಕ್ಕೇ ಆ ಚೂರಿಯನ್ನು ವಾರಕ್ಕೊಮ್ಮೆ ಮಸೆಯಬೇಕಾಗುತ್ತದೆ.

ಹಾಗಾದರೆ ತೋಟದ ಕತ್ತಿಯನ್ನೂ ಅರದಿಂದಲೇ ಮಾಡಬಹುದಲ್ವಾ ಅಂತ ಕೆಲವರು ಕೇಳುತ್ತಾರೆ. ಬೇಡ. ಕತ್ತಿಗೆ ಏಟು ಬೀಳುತ್ತದೆ, ಕಲ್ಲು ತಗಲುತ್ತದೆ, ಸಿಲ್ವರ್ ಓಕ್ ಕೊಂಬೆಯಲ್ಲಿ ಸಿಕ್ಕಿಕೊಂಡಾಗ ತಿರುಚಿ ಎಳೆಯುತ್ತಾರೆ. ಅಲ್ಲಿ ಗಡಸುತನಕ್ಕಿಂತ ಬಾಗಿ ತಾಳಿಕೊಳ್ಳುವ ಗುಣ ಮುಖ್ಯ. ನಮ್ಮ ಆಚಾರಿಗಳು ಕತ್ತಿಗೆ ಲಾರಿಯ, ಜೀಪಿನ ಕಮಾನು ಪಟ್ಟಿ ಹುಡುಕುವುದು ಸುಮ್ನೆ ಅಲ್ಲ. ಅದರಲ್ಲಿ ಇಂಗಾಲ ಅರದ ಅರ್ಧದಷ್ಟೇ ಇರುತ್ತದೆ, ಏಟು ತಡೆಯುವಂತೆಯೇ ಮಾಡಿದ ಉಕ್ಕು ಅದು. ಅರದ ಉಕ್ಕು ಸಣ್ಣ ಚೂರಿಗೆ ಸರಿ. ನಾಲ್ಕೈದು ಇಂಚಿನ ಅಲಗು, ತೆಳ್ಳಗಿನ ಬಾಯಿ, ಹೆಚ್ಚುವ ಕೆಲಸ, ಸಿಪ್ಪೆ ತೆಗೆಯುವ ಕೆಲಸ, ಮಾಂಸ ಬಿಡಿಸುವ ಕೆಲಸ. ಅದನ್ನು ಬಿಟ್ಟು ಎಲುಬು ಕಡಿಯಲು ಹೋದರೆ ಬಾಯಿ ಚಕ್ಕೆ ಏಳುತ್ತದೆ.

ಎಲ್ಲ ಅರವೂ ಒಂದೇ ಅಲ್ಲ, ಇದು ಮುಖ್ಯ. ಈಚೆಗೆ ಬರುವ ಅಗ್ಗದ ಅರಗಳಲ್ಲಿ ಕೆಲವು ಒಳಗೆಲ್ಲ ಮೆದು ಕಬ್ಬಿಣ, ಮೇಲಿನ ಪದರ ಮಾತ್ರ ಗಟ್ಟಿ. ಹಲ್ಲು ಉಜ್ಜಿ ತೆಗೆದ ಮೇಲೆ ಅದರಲ್ಲಿ ಚೂರಿಗೆ ಬೇಕಾದ್ದು ಏನೂ ಉಳಿಯುವುದಿಲ್ಲ. ಕಂಡುಹಿಡಿಯುವ ಸುಲಭ ದಾರಿ ಗ್ರೈಂಡರ್. ಅಂಚನ್ನು ಕಲ್ಲಿಗೆ ತಾಗಿಸಿ ಕಿಡಿ ನೋಡಿ. ಮೆದು ಕಬ್ಬಿಣದ ಕಿಡಿ ಉದ್ದ ಗೆರೆಯಾಗಿ ಹೋಗಿ ಆರುತ್ತದೆ. ಇಂಗಾಲ ಜಾಸ್ತಿ ಇರುವ ಉಕ್ಕಿನ ಕಿಡಿ ಸುರುಸುರು ಬತ್ತಿಯ ಹಾಗೆ ತುದಿಯಲ್ಲಿ ಒಡೆದು ಕವಲಾಗುತ್ತದೆ. ಅಂಚಿನಲ್ಲಿ ಒಂದಷ್ಟು ಒಳಗೆ ಹೋದ ಮೇಲೂ ಕಿಡಿ ಹಾಗೇ ಒಡೆಯುತ್ತಿದ್ದರೆ ಅದು ಒಳಗಿನವರೆಗೂ ಒಳ್ಳೆ ಉಕ್ಕು. ಹಳೆ ಕಾಲದ ಅರಗಳ ಬಗ್ಗೆ ಅಷ್ಟು ಅನುಮಾನ ಬೇಕಿಲ್ಲ. ಇಲ್ಲಿ ಮಡಿಕೇರಿ ಹತ್ತಿರ ಬ್ರಿಟಿಷರ ಕಾಫಿ ತೋಟ ಶುರುವಾಗಿದ್ದು 1854ರಲ್ಲಿ. ಹಳೆ ತೋಟಗಳ ಸ್ಟೋರಿನಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ಮುದ್ರೆಯ ಅರ ಸಿಕ್ಕಿದರೆ ಅದನ್ನು ಒರೆಸಿ ಎತ್ತಿಟ್ಟುಕೊಳ್ಳಿ. ಸವೆದಿದ್ದರೂ ಪರವಾಗಿಲ್ಲ.

ಕೆಲಸ ಶುರುವಾಗುವುದು ಗಟ್ಟಿಯನ್ನು ಮೆತ್ತಗೆ ಮಾಡುವುದರಿಂದ. ಅರವನ್ನು ಹಾಗೆಯೇ ಕೊರೆಯಲು ಹೋದರೆ ಡ್ರಿಲ್ ಬಿಟ್ ಮೊಂಡಾಗುತ್ತದೆ, ಗರಗಸ ಜಾರುತ್ತದೆ. ಆದ್ದರಿಂದ ಅದನ್ನು ಕೆಂಪಗೆ ಕಾಯಿಸಿ, ಆದಷ್ಟು ನಿಧಾನವಾಗಿ ಆರಲು ಬಿಡಬೇಕು. ನಿಧಾನ ಅಂದರೆ ಇಡೀ ರಾತ್ರಿ. ಇದಕ್ಕೆ ನಮ್ಮಲ್ಲಿ ಬಹಳ ಒಳ್ಳೆ ವಸ್ತು ಇದೆ. ಭತ್ತದ ಹೊಟ್ಟಿನ ಬೂದಿ. ಉಕ್ಕಿನ ಕಾರ್ಖಾನೆಗಳಲ್ಲೂ ಕರಗಿದ ಉಕ್ಕಿನ ಶಾಖ ಹಿಡಿದಿಡಲು ಮೇಲೆ ಇದನ್ನೇ ಹರಡುತ್ತಾರೆ. ಒಂದು ಹಳೆ ತಗಡಿನ ಡಬ್ಬಿಯಲ್ಲಿ ಒಣ ಬೂದಿ ತುಂಬಿ, ಕೆಂಪಗೆ ಕಾದ ಅರವನ್ನು ನಡುವೆ ಹೂತಿಟ್ಟರೆ ಬೆಳಿಗ್ಗೆಯೂ ಬೆಚ್ಚಗಿರುತ್ತದೆ. ಹೊರಗೆ ತೆಗೆದಾಗ ಬೇರೆ ಅರದಿಂದ ಉಜ್ಜಿ ನೋಡಿ. ಹಿಂದಿನ ದಿನ ಜಾರುತ್ತಿದ್ದದ್ದು ಈಗ ಕಚ್ಚುತ್ತದೆ.

ನನ್ನ ಕುಲುಮೆ ದೊಡ್ಡದೇನಲ್ಲ. ಲಾರಿಯ ಹಳೆ ಬ್ರೇಕ್ ಡ್ರಮ್ಮು, ಕೆಳಗಿನಿಂದ ಒಂದು ಪೈಪು, ಕೈಯಲ್ಲಿ ತಿರುಗಿಸುವ ಬ್ಲೋವರ್. ಕರೆಂಟಿನದ್ದೂ ಸಿಗುತ್ತದೆ. ಆದರೆ ಮಳೆಗಾಲದಲ್ಲಿ ಇಲ್ಲಿ ಮರ ಬಿದ್ದು ಲೈನು ಹೋದರೆ ಯಾವಾಗ ಬರುತ್ತದೆ ಅಂತ ಹೇಳಲಾಗದು. ಕೈ ಬ್ಲೋವರ್ ಆದರೆ ಗಾಳಿ ಎಷ್ಟು ಬೇಕೋ ಅಷ್ಟೇ ಕೊಡಬಹುದು. ಇದ್ದಲಿಗೆ ತೆಂಗಿನ ಚಿಪ್ಪು ಸಾಕು. ಉರಿ ಶುದ್ಧ, ಶಾಖ ಜೋರು.

ಆಕಾರ ಕೊಡುವ ಕೆಲಸವನ್ನು ಬೇಗ ಹೇಳಿ ಮುಗಿಸುತ್ತೇನೆ. 10 ಇಂಚಿನ ಚಪ್ಪಟೆ ಅರ ತೆಗೆದುಕೊಂಡರೆ ಅಲಗಿಗೂ ಹಿಡಿಗೂ ಸಾಕಾಗುತ್ತದೆ. ರಟ್ಟಿನಲ್ಲಿ ಚೂರಿಯ ನಮೂನೆ ಕತ್ತರಿಸಿ, ಕೈಯಲ್ಲಿ ಹಿಡಿದು ನೋಡಿ, ಆಮೇಲೆ ಉಕ್ಕಿನ ಮೇಲೆ ಗೆರೆ ಎಳೆಯಿರಿ. ಹಿಡಿಯ ತೂತುಗಳನ್ನು ಈಗಲೇ ಕೊರೆಯಬೇಕು, ಹದ ಹಾಕಿದ ಮೇಲೆ ಆಗುವುದಿಲ್ಲ. ಬಾಯಿಯನ್ನು ಈಗಲೇ ಪೂರ್ತಿ ತೆಳ್ಳಗೆ ಮಾಡಬಾರದು. ಒಂದು ಒಂದೂವರೆ ಮಿಲಿಮೀಟರ್ ದಪ್ಪ ಬಿಡಬೇಕು, ಇಲ್ಲದಿದ್ದರೆ ಎಣ್ಣೆಗೆ ಹಾಕಿದಾಗ ಅಲೆ ಅಲೆಯಾಗಿ ಸೊಟ್ಟಗಾಗುತ್ತದೆ. ಕನ್ನಡಕ, ಮೂಗಿಗೆ ಮಾಸ್ಕ್ ಕಡ್ಡಾಯ. ಡ್ರಿಲ್ ಹಾಕುವಾಗ ಕೈಗವಸು ಬೇಡ, ಸುತ್ತಿಕೊಂಡರೆ ಕೈಯನ್ನೂ ಎಳೆದುಕೊಂಡು ಹೋಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ನನಗೆ ಗಟ್ಟಿ ಅಭಿಪ್ರಾಯ ಇದೆ. ಅರದ ಹಲ್ಲುಗಳ ಗುರುತನ್ನು ಅಲಗಿನ ಮೇಲೆ ಅಂದಕ್ಕೆ ಅಂತ ಉಳಿಸುವುದು ಈಗ ಫ್ಯಾಷನ್. ಇದು ಅರದಿಂದ ಮಾಡಿದ್ದು ಅಂತ ನೋಡಿದವರಿಗೆ ತಿಳಿಯಲಿ ಅಂತ. ಆದರೆ ಆ ಪ್ರತಿ ಗೆರೆಯೂ ಒಂದು ಸಣ್ಣ ಸೀಳು. ಕೆಂಪಗೆ ಕಾದ ಉಕ್ಕು ಎಣ್ಣೆಗೆ ಇಳಿದಾಗ ಒಳಗೆ ಏಳುವ ಎಳೆತ ಅಂಥ ಸೀಳಿನ ಬುಡದಲ್ಲೇ ಸೇರುತ್ತದೆ. ಬಿರುಕು ಶುರುವಾಗುವುದು ಅಲ್ಲೇ. ಬಾಯಿ ಕಡೆ ಒಂದು ಗೆರೆಯೂ ಉಳಿಯಬಾರದು. ಬೇಕೇ ಬೇಕು ಅಂದರೆ ಹಿಡಿಯ ಹತ್ತಿರ, ಬೆನ್ನಿನ ಪಕ್ಕ ಸ್ವಲ್ಪ ಬಿಡಿ.

ಇನ್ನು ಬೆಂಕಿ. ಇಲ್ಲಿ ಅವಸರ ಬೇಡ.

ನಾನು ಈ ಕೆಲಸವನ್ನು ಕಕ್ಕಡ ತಿಂಗಳಿಗೆ ಇಟ್ಟುಕೊಳ್ಳುತ್ತೇನೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಹೊರಗೆ ಮಳೆ ಬಿಡುವುದಿಲ್ಲ, ತೋಟದ ಕೆಲಸ ಅರ್ಧಕ್ಕರ್ಧ ನಿಂತಿರುತ್ತದೆ. ಅದಕ್ಕಿಂತ ಮುಖ್ಯ, ಮಧ್ಯಾಹ್ನ ಮೂರು ಗಂಟೆಗೇ ಶೆಡ್ಡಿನೊಳಗೆ ಮಬ್ಬು. ಕಾದ ಉಕ್ಕಿನ ಬಣ್ಣ ಓದಲು ಮಬ್ಬು ಬೇಕು. ಬಿಸಿಲಿನಲ್ಲಿ ನೋಡಿದರೆ 800 ಡಿಗ್ರಿಯ ಉಕ್ಕೂ ಮಂಕಾಗಿ ಕಾಣುತ್ತದೆ. ಸಾಲದು ಅಂತ ಇನ್ನೂ ಕಾಯಿಸಿಬಿಡುತ್ತೇವೆ. ಅತಿಯಾಗಿ ಕಾದರೆ ಉಕ್ಕಿನ ಒಳಗಿನ ಕಣಗಳು ದಪ್ಪವಾಗುತ್ತವೆ. ಅಂಥ ಚೂರಿ ಕೆಳಗೆ ಬಿದ್ದರೆ ಪಿಂಗಾಣಿಯಂತೆ ಎರಡು ತುಂಡು.

ಹದ ಹಾಕುವ ಮೊದಲು ಒಂದು ಸಣ್ಣ ಕೆಲಸ ಇದೆ. ಉಕ್ಕನ್ನು ಕೆಂಪಗೆ ಕಾಯಿಸಿ, ಏನೂ ಮಾಡದೆ ಗಾಳಿಯಲ್ಲಿ ಹಿಡಿದು ಕಪ್ಪಾಗಲು ಬಿಡುವುದು. ಮತ್ತೆ ಕಾಯಿಸುವುದು, ಮತ್ತೆ ಬಿಡುವುದು. ಸಾಮಾನ್ಯವಾಗಿ ಮೂರು ಸಲ, ಪ್ರತಿ ಸಲವೂ ಶಾಖ ಸ್ವಲ್ಪ ಕಡಿಮೆ. ಇದರಿಂದ ಕಣಗಳು ಸಣ್ಣಗಾಗುತ್ತವೆ, ಉಜ್ಜುವಾಗ, ಬಡಿಯುವಾಗ ಒಳಗೆ ಸೇರಿದ ಎಳೆತ ಬಿಟ್ಟುಹೋಗುತ್ತದೆ. ಇಡೀ ಹೊತ್ತಿನಲ್ಲಿ ಇದನ್ನು ನೋಡುವುದೇ ನನಗೆ ಇಷ್ಟ. ಯಾಕೆ ಅಂತ ಹೇಳುತ್ತೇನೆ.

ಉಕ್ಕು ಕಾಯುತ್ತಾ ಮೊದಲು ಕರಿಗೆಂಪು, ಆಮೇಲೆ ಕೆಂಪು. ತುದಿಯಿಂದ ಬಣ್ಣ ಏರುತ್ತಾ ಬರುತ್ತದೆ. ಒಂದು ಹಂತದಲ್ಲಿ ಆ ಕೆಂಪಿನೊಳಗೆ ಒಂದು ನೆರಳು ಕಾಣುತ್ತದೆ. ಉರಿ ಹಾಗೇ ಇದೆ, ಗಾಳಿ ಹಾಗೇ ಇದೆ. ಆದರೂ ಅಲಗಿನ ಮೇಲೆ ಒಂದು ಮಂಕು ಪಟ್ಟೆ ನಿಂತು, ನಿಧಾನಕ್ಕೆ ದಪ್ಪ ಇರುವ ಬೆನ್ನಿನ ಕಡೆ ಸರಿಯುತ್ತದೆ. ಆ ಹೊತ್ತಿಗೆ ಉಕ್ಕಿನ ಒಳಗಿನ ಜೋಡಣೆ ಬದಲಾಗುತ್ತಿರುತ್ತದೆ, ಕೊಟ್ಟ ಶಾಖವನ್ನೆಲ್ಲ ಆ ಬದಲಾವಣೆಯೇ ನುಂಗುತ್ತಿರುತ್ತದೆ. ಅದಕ್ಕೇ ಅಲ್ಲಿ ಬಣ್ಣ ಏರುವುದಿಲ್ಲ. ನೆರಳು ಪೂರ್ತಿ ಸರಿದುಹೋದ ಮೇಲೆ ಇಡೀ ಅಲಗು ಒಂದೇ ಸಮ ಬೆಳಗುತ್ತದೆ. ತಣಿಯುವಾಗ ಇದರ ತಿರುವು. ಕಪ್ಪಾಗುತ್ತಾ ಬರುವ ಉಕ್ಕು ಇದ್ದಕ್ಕಿದ್ದಂತೆ ಒಂದು ಕ್ಷಣ ತಾನಾಗಿಯೇ ಹೊಳೆದು ಮತ್ತೆ ಮಂಕಾಗುತ್ತದೆ. ನುಂಗಿದ ಶಾಖವನ್ನು ವಾಪಸ್ ಕೊಡುವ ಹೊತ್ತು ಅದು.

ಇದನ್ನು ನನಗೆ ಮೊದಲು ತೋರಿಸಿದವರು ಪಕ್ಕದ ಊರಿನ ಒಬ್ಬ ಹಿರಿಯ ಆಚಾರಿ. ಕೊಡಗಿನಲ್ಲಿ ಮರ, ಕಬ್ಬಿಣ, ಬೆಳ್ಳಿಯ ಕೆಲಸ ತಲೆಮಾರುಗಳಿಂದ ಐರಿ ಮನೆತನಗಳ ಕೈಯಲ್ಲಿ ಬಂದದ್ದು. ಇವರೂ ಆ ಪೈಕಿ. ನಾನು ಅಯಸ್ಕಾಂತ ಹಿಡಿದುಕೊಂಡು ಹೋಗಿದ್ದೆ. 770 ಡಿಗ್ರಿಯಲ್ಲಿ ಕಬ್ಬಿಣ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ, ಅದರಿಂದ ಸ್ವಲ್ಪ ಮೇಲೆ ಹೋದರೆ ಹದಕ್ಕೆ ಸರಿ ಅಂತ ಓದಿಕೊಂಡಿದ್ದೆ. ಅವರು ಅದನ್ನು ಕೈಗೆ ತೆಗೆದುಕೊಂಡು ನೋಡಿ ಪಕ್ಕಕ್ಕಿಟ್ಟರು.

'ಇದು ಸುಳ್ಳಲ್ಲ. ಆದ್ರೆ ಕತ್ತಿ ಹೊರಗೆ ತೆಗೆದು ಇದಕ್ಕೆ ಹಿಡಿಯೋ ಹೊತ್ತಿಗೆ ಅದು ಆರಿರುತ್ತೆ. ನೀವು ಕೆಂಪು ನೋಡ್ಬೇಡಿ, ಒಳಗಿನ ನೆರಳು ನೋಡಿ.'

'ನೆರಳು ಹೋದ ಮೇಲೆ ಎಷ್ಟು ಹೊತ್ತು ಬಿಡ್ಬೇಕು ಆಚಾರ್ರೇ?'

'ಕಮಾನು ಪಟ್ಟಿಗಾದ್ರೆ ಹೆಚ್ಚು ಬೇಡ. ಅರಕ್ಕೆ ಸ್ವಲ್ಪ ನಿಲ್ಲಿಸ್ಬೇಕು. ಗಾಳಿ ಕಡಿಮೆ ಮಾಡಿ, ಬಣ್ಣ ಏರಕ್ಕೆ ಬಿಡದೆ ನಿಲ್ಲಿಸ್ಬೇಕು.'

ಈ ಕೊನೆಯ ಮಾತನ್ನು ನಾನು ಆಮೇಲೆ ಲೋಹದ ಪುಸ್ತಕದ ಮಾತಿನ ಜೊತೆ ಇಟ್ಟು ನೋಡಿದೆ. ಅರದಂಥ ಹೆಚ್ಚು ಇಂಗಾಲದ ಉಕ್ಕನ್ನು 790, 800 ಡಿಗ್ರಿಯ ಹತ್ತಿರ ಕೆಲವು ನಿಮಿಷ ನಿಲ್ಲಿಸಬೇಕು, ಇಂಗಾಲ ಕರಗಿ ಒಳಗೆಲ್ಲ ಸಮನಾಗಿ ಹರಡಲು ಸಮಯ ಬೇಕು ಅಂತ ಅದು ಹೇಳುತ್ತದೆ. ಅಂಕಿ ಇಲ್ಲದೆ ಅವರು ಹೇಳಿದ್ದೂ ಅದನ್ನೇ. ಕಣ್ಣಲ್ಲಿ ಕಲಿತದ್ದು ಅಂದಾಜಿನ ಕೆಲಸ ಅನ್ನುವವರಿಗೆ ಇದನ್ನು ಹೇಳಬೇಕು ಅನ್ನಿಸುತ್ತದೆ. ನೆರಳು ಸರಿಯುವುದು ಅಂದಾಜಲ್ಲ. ಉಕ್ಕಿನೊಳಗೆ ಏನಾಗುತ್ತಿದೆ ಅನ್ನುವುದನ್ನು ಅದು ಯಾವ ಮೀಟರಿಗಿಂತಲೂ ನೇರವಾಗಿ ತೋರಿಸುತ್ತದೆ.

ಹೊಸದಾಗಿ ಮಾಡುವವರಿಗೆ ಇನ್ನೊಂದು ಅಡುಗೆಮನೆ ಉಪಾಯ ಇದೆ. ಉಪ್ಪು ಕರಗುವುದು 801 ಡಿಗ್ರಿಯಲ್ಲಿ. ಕಾದ ಅಲಗಿನ ಮೇಲೆ ಒಂದು ಚಿಟಿಕೆ ಪುಡಿ ಉಪ್ಪು ಹಾಕಿ. ಕರಗಿ ಹರಿದರೆ ಅಲ್ಲಿಗೆ ನಿಲ್ಲಿಸಿ, ಅದಕ್ಕಿಂತ ಮೇಲೆ ಹೋಗುವುದು ಬೇಡ. ಕೊನೆಯಲ್ಲಿ ಚೆನ್ನಾಗಿ ತೊಳೆಯಿರಿ, ಉಪ್ಪು ಉಳಿದರೆ ತುಕ್ಕು ಗ್ಯಾರಂಟಿ.

ಎಣ್ಣೆಗೆ ಬರೋಣ. ಗ್ಯಾರೇಜಿನ ಸುಟ್ಟ ಎಂಜಿನ್ ಆಯಿಲ್ ಬಳಸುವವರಿದ್ದಾರೆ, ಅದರ ಹೊಗೆ ಎದೆಗೆ ಒಳ್ಳೆಯದಲ್ಲ. ಅಡುಗೆ ಎಣ್ಣೆ ಸಾಕು. ಕಡಲೆಕಾಯಿ ಎಣ್ಣೆ ಒಳ್ಳೆಯದು. ತೆಂಗಿನೆಣ್ಣೆ ಮಡಿಕೇರಿ ಚಳಿಗೆ ಗಟ್ಟಿಯಾಗಿ ಕೂರುತ್ತದೆ, ಕಾಯಿಸದೆ ಆಗುವುದಿಲ್ಲ. ಯಾವ ಎಣ್ಣೆಯಾದರೂ 50, 60 ಡಿಗ್ರಿಗೆ ಬಿಸಿ ಮಾಡಲೇಬೇಕು. ಬಿಸಿ ಎಣ್ಣೆ ತೆಳ್ಳಗಾಗಿ ಅಲಗಿನ ಸುತ್ತ ಚೆನ್ನಾಗಿ ಓಡಾಡುತ್ತದೆ, ಹಾಗಾಗಿ ತಣ್ಣನೆ ಎಣ್ಣೆಗಿಂತ ಬೇಗ ಶಾಖ ಎಳೆಯುತ್ತದೆ. ಕೇಳಲು ಉಲ್ಟಾ ಅನ್ನಿಸಿದರೂ ಇದು ನಿಜ. ಬೇಗ ಅನ್ನುವುದು ಇಲ್ಲಿ ದೊಡ್ಡ ಮಾತು. ಅರದ ಉಕ್ಕು ಹೆಚ್ಚುಕಡಿಮೆ ಒಂದೇ ಸೆಕೆಂಡಿನಲ್ಲಿ 540 ಡಿಗ್ರಿಗಿಂತ ಕೆಳಗೆ ಇಳಿಯಬೇಕು. ತಡವಾದರೆ ಇಂಗಾಲ ತಪ್ಪಿಸಿಕೊಂಡು ಬೇರೆಯಾಗುತ್ತದೆ, ಉಕ್ಕು ಮೆತ್ತಗಾಗುತ್ತದೆ. ಬೇಗ ಇಳಿದರೆ ಇಂಗಾಲ ಇದ್ದಲ್ಲೇ ಸಿಕ್ಕಿಕೊಳ್ಳುತ್ತದೆ. ಆ ಸಿಕ್ಕಿಕೊಂಡ ಇಂಗಾಲವೇ ಗಡಸುತನ.

ನೀರು ಇನ್ನೂ ಬೇಗ ತಣಿಸುತ್ತದೆ ನಿಜ. ಆದರೆ ತೆಳ್ಳಗಿನ ಚೂರಿಗೆ ನೀರು ಅಪಾಯ. ಟಿಣ್ ಅಂತ ಒಂದು ಸದ್ದು ಬಂದರೆ ಬಿರುಕು ಬಿಟ್ಟಿತು ಅಂತಲೇ ಲೆಕ್ಕ, ಮತ್ತೆ ಮಾಡುವುದಕ್ಕೆ ಏನೂ ಇರುವುದಿಲ್ಲ.

ಎಣ್ಣೆಯ ಪಾತ್ರೆ ಉದ್ದನೆಯ ಕಬ್ಬಿಣದ್ದೇ ಆಗಿರಲಿ, ಮುಚ್ಚಳ ಪಕ್ಕದಲ್ಲೇ ಇರಲಿ. ಮೇಲೆ ಬೆಂಕಿ ಹೊತ್ತಿಕೊಂಡರೆ ಮುಚ್ಚಿದರೆ ಆರುತ್ತದೆ, ನೀರು ಮಾತ್ರ ಹಾಕಬಾರದು. ಅಲಗನ್ನು ತುದಿ ಮೊದಲಾಗಿ ನೇರ ಇಳಿಸಬೇಕು. ಆಡಿಸುವುದಾದರೆ ಬಾಯಿ, ಬೆನ್ನಿನ ದಿಕ್ಕಿನಲ್ಲಿ ಮಾತ್ರ. ಪಕ್ಕಕ್ಕೆ ಆಡಿಸಿದರೆ ಒಂದು ಮಗ್ಗುಲು ಮೊದಲು ತಣಿದು ಸೊಟ್ಟಗಾಗುತ್ತದೆ. ಹೊರಗೆ ತೆಗೆದ ಕೂಡಲೇ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ. ಸ್ವಲ್ಪ ಬಾಗಿದ್ದರೆ ದಪ್ಪ ಕೈಗವಸು ಹಾಕಿ ಕೈಯಲ್ಲೇ ತಿದ್ದಬಹುದು. 200 ಡಿಗ್ರಿ ಇರುವವರೆಗೆ ಉಕ್ಕು ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಆ ಅವಕಾಶ ಕೆಲವೇ ಸೆಕೆಂಡು. ಆಮೇಲೆ ಮುಟ್ಟಿದರೆ ಮುರಿಯುತ್ತದೆ.

ತಣಿದ ಮೇಲೆ ಒಂದು ಹೊಸ ಅರ ತೆಗೆದು ಬಾಯಿ ಮೇಲೆ ಎಳೆಯಿರಿ. ಗಾಜಿನ ಮೇಲೆ ಎಳೆದಂತೆ ಜಾರಿದರೆ ಹದ ಹಿಡಿದಿದೆ. ಆದರೆ ಇದು ಇನ್ನೂ ಚೂರಿ ಅಲ್ಲ. ಇಷ್ಟು ಗಟ್ಟಿ ಉಕ್ಕು ತುಂಬಾ ಪೆಡಸು. ಸ್ವಲ್ಪ ಗಡಸುತನ ಬಿಟ್ಟುಕೊಟ್ಟು ತಾಳಿಕೊಳ್ಳುವ ಗುಣ ತರಬೇಕು, ಅದೂ ಆ ದಿನವೇ. ನಾಳೆ ಮಾಡೋಣ ಅಂತ ಇಟ್ಟರೆ ಇಟ್ಟಲ್ಲೇ ಬಿರುಕು ಬಿಡುವುದುಂಟು.

ನಾನು ಇದನ್ನು ಓವನ್ನಿನಲ್ಲಿ ಮಾಡುತ್ತೇನೆ. 200ರಿಂದ 210 ಡಿಗ್ರಿ, ಎರಡು ಗಂಟೆ, ಹೊರಗೆ ತೆಗೆದು ತಣಿಸಿ ಮತ್ತೆ ಎರಡು ಗಂಟೆ. ಓವನ್ನಿನ ಗುಂಡಿಯ ಮೇಲಿನ ಅಂಕಿಯನ್ನು ನಂಬಬೇಡಿ, ಒಳಗೆ ಬೇರೆ ಥರ್ಮಾಮೀಟರ್ ಇಡಿ. ಉಜ್ಜಿ ಬೆಳ್ಳಗೆ ಮಾಡಿದ ಉಕ್ಕಿನ ಮೇಲೆ ಭತ್ತದ ಹುಲ್ಲಿನ ತಿಳಿ ಬಣ್ಣ ಮೂಡುತ್ತದೆ. ಗಡಸುತನ 60ರ ಆಸುಪಾಸಿಗೆ ಇಳಿದಿರುತ್ತದೆ. ಅಡುಗೆಮನೆಗೆ ಇದು ಹದ.

ಆಚಾರಿಗಳ ರೀತಿ ಬೇರೆ. ಅದನ್ನು ನೋಡುವುದೇ ಒಂದು ಸೊಗಸು. ಅವರು ಇಡೀ ಅಲಗನ್ನು ಮುಳುಗಿಸುವುದಿಲ್ಲ, ಬಾಯಿಯನ್ನು ಮಾತ್ರ ಅದ್ದುತ್ತಾರೆ. ಬೆನ್ನಿನಲ್ಲಿ ಬೇಕೆಂದೇ ಶಾಖ ಉಳಿಸುತ್ತಾರೆ. ಹೊರಗೆ ತೆಗೆದು, ಮುರಿದ ಸಾಣೆಕಲ್ಲಿನ ತುಂಡಿನಿಂದ ಬಾಯಿಯ ಪಕ್ಕವನ್ನು ಸರಸರನೆ ಉಜ್ಜಿ ಬೆಳ್ಳಗೆ ಮಾಡುತ್ತಾರೆ. ಈಗ ಬೆನ್ನಿನ ಶಾಖ ಬಾಯಿ ಕಡೆ ಇಳಿಯಲು ಶುರು. ಬೆಳ್ಳಗಿದ್ದ ಜಾಗಕ್ಕೆ ಮೊದಲು ಹುಲ್ಲಿನ ಬಣ್ಣ ಬರುತ್ತದೆ, ಅದರ ಹಿಂದೆ ಕಂದು, ಅದರ ಹಿಂದೆ ನೇರಳೆ, ಕೊನೆಗೆ ನೀಲಿ. ನಾಲ್ಕೂ ಬಣ್ಣ ಒಂದರ ಹಿಂದೊಂದು ನಡೆದು ಬರುತ್ತವೆ. 205 ಡಿಗ್ರಿಯಿಂದ 300 ಡಿಗ್ರಿಯವರೆಗಿನ ಪಟ್ಟಿ ಇಡೀ ಅಲಗಿನ ಮೇಲೆ ಒಂದೇ ಕಾಲಕ್ಕೆ ಕಾಣುತ್ತದೆ. ತೋಟದ ಕತ್ತಿಯಾದರೆ ಅವರು ನೇರಳೆ ಬರುವವರೆಗೆ ಕಾಯುತ್ತಾರೆ. ನನ್ನ ಅರದ ಚೂರಿಗೆ ಹುಲ್ಲಿನ ಬಣ್ಣ ಬಾಯಿಗೆ ತಾಗಿದ ಕೂಡಲೇ ಇಡೀ ಅಲಗನ್ನು ಅದ್ದಿಬಿಟ್ಟರು. ಬಾಯಿ ಹುಲ್ಲಿನ ಬಣ್ಣ, ಬೆನ್ನು ನೀಲಿ. ಬಾಯಿ ಗಟ್ಟಿ, ಬೆನ್ನು ಬಾಗಿ ತಾಳುವಂಥದ್ದು. ನನ್ನ ಓವನ್ ಇಡೀ ಅಲಗಿಗೆ ಒಂದೇ ಹದ ಕೊಡುತ್ತದೆ, ಅವರದ್ದು ಒಂದೇ ಅಲಗಿಗೆ ಎರಡು ಹದ. ನಾಲ್ಕು ಗಂಟೆ ಕರೆಂಟಿನ ಕೆಲಸ ಅವರಲ್ಲಿ ಕಣ್ಣು ಮಿಟುಕಿಸದ ಒಂದು ನಿಮಿಷ.

ಇದಕ್ಕೆ ಬೆಲೆ ಕಟ್ಟುವವರು ಕಡಿಮೆಯಾಗಿದ್ದಾರೆ ಅನ್ನುವುದೇ ನನ್ನ ಸಂಕಟ. ಅವರ ಕುಲುಮೆ ಈಗ ಉರಿಯುವುದು ಕಾಡು ಕಡಿಯುವ ಸೀಸನ್ನಿನಲ್ಲಿ, ಮತ್ತೆ ಸೆಪ್ಟೆಂಬರ್ 3ರ ಕೈಲ್ ಮುಹೂರ್ತಕ್ಕೆ ಮೊದಲು. ಹಬ್ಬಕ್ಕೆ ಕೋವಿಯ ಜೊತೆ ಕತ್ತಿಗಳನ್ನೂ ಒರೆಸಿ, ತೋಕ್ ಪೂ ಅನ್ನುವ ಹೂ ಇಟ್ಟು ಪೂಜೆ ಮಾಡುತ್ತಾರೆ. ಆಗ ಮನೆಯವರಿಗೆ ಕತ್ತಿ ಮೊಂಡಾಗಿರುವುದು ನೆನಪಾಗುತ್ತದೆ. ಉಳಿದಂತೆ ಕಳೆ ಕೊಚ್ಚುವ ಮೆಷಿನ್ ಬಂದಿದೆ, ಪೇಟೆಯಲ್ಲಿ ರೆಡಿಮೇಡ್ ಕತ್ತಿ ಸಿಗುತ್ತದೆ. ಅವರ ಮಗ ವೆಲ್ಡಿಂಗ್ ಅಂಗಡಿ ಇಟ್ಟಿದ್ದಾನೆ. ಅದು ತಪ್ಪಲ್ಲ, ಮನೆ ನಡೆಯಬೇಕು. ಆದರೆ ನೆರಳು ನೋಡುವ ಕಣ್ಣು ವೆಲ್ಡಿಂಗ್ ಅಂಗಡಿಯಲ್ಲಿ ಬೆಳೆಯುವುದಿಲ್ಲ.

ಹಿಡಿಗೆ ನಾನು ಬಳಸುವುದು ಕಾಫಿ ಮರ. ಬೀಟೆ ಚೆಂದ ಅಂತ ಎಲ್ಲರೂ ಹೇಳುತ್ತಾರೆ, ಅದರ ಧೂಳು ಮೂಗಿಗೂ ಚರ್ಮಕ್ಕೂ ಆಗಿಬರುವುದಿಲ್ಲ. ಹಳೆ ರೊಬಸ್ಟಾ ಗಿಡ ಕಿತ್ತಾಗ ಬುಡದ ತುಂಡು ಎತ್ತಿಟ್ಟುಕೊಳ್ಳಿ. ಗಟ್ಟಿ, ಭಾರ, ನಯವಾದ ಎಳೆ. ಅರೇಬಿಕಾದಲ್ಲೂ ಒಳ್ಳೆ ಮರ ಸಿಗುತ್ತದೆ, ಆದರೆ ಕಾಂಡಕೊರಕ ತಿಂದ ಗಿಡದ್ದಾದರೆ ಒಳಗೆಲ್ಲ ಸುರಂಗ. ಅಂಥದ್ದನ್ನು ಮನೆಯಲ್ಲಿ ಇಡಲೂಬಾರದು, ಸುಡಬೇಕು. ಕಾಫಿ ಮರ ಒಣಗುವಾಗ ಸೀಳುತ್ತದೆ. ಎರಡೂ ತುದಿಗೆ ಮೇಣ ಬಳಿದು, ಒಲೆ ಮೇಲಿನ ಅಟ್ಟದಲ್ಲಿ ಒಂದು ವರ್ಷ ಮರೆತುಬಿಡುವುದು ಒಳ್ಳೆಯದು. ಎರಡು ಹೋಳು ಮಾಡಿ, ಹಿತ್ತಾಳೆ ಕಡ್ಡಿಯ ಗೂಟ ಹಾಕಿ, ಅರಾಲ್ಡೈಟ್ ಹಚ್ಚಿ ಕೂರಿಸಿದರೆ ಅಲ್ಲಾಡುವುದಿಲ್ಲ. ಮೇಲೆ ಅಗಸೆ ಎಣ್ಣೆ.

ಕೊನೆಗೆ ಬಾಯಿ ತೆಳ್ಳಗೆ ಮಾಡುವಾಗ ಪಕ್ಕದಲ್ಲಿ ನೀರು ಇರಲಿ. ಬೆರಳಿಗೆ ಬಿಸಿ ತಾಗಿದ ಕೂಡಲೇ ಅದ್ದಿ. ಗ್ರೈಂಡರಿನಲ್ಲಿ ಒಂದೆರಡು ಸೆಕೆಂಡು ಹೆಚ್ಚಾದರೂ ಬಾಯಿ ನೀಲಿಯಾಗುತ್ತದೆ. ನೀಲಿಯಾದ ಕಡೆ ಹದ ಹೋಯಿತು ಅಂತಲೇ ಅರ್ಥ. ನಾನು ಕೊನೆಯ ಕೆಲಸವನ್ನೆಲ್ಲ ಕಲ್ಲಿನ ಮೇಲೆ ಕೈಯಲ್ಲೇ ಮಾಡುತ್ತೇನೆ.

ಮನೆಯಲ್ಲಿ ಈ ಚೂರಿ ಅಮ್ಮನ ಕೈ ಸೇರಿದೆ. ಕಣಿಲೆ, ಅಂದರೆ ಎಳೆ ಬಿದಿರಿನ ಕಾಲದಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ಕಣಿಲೆಯನ್ನು ಸಣ್ಣಗೆ, ಒಂದೇ ಸಮ ಹೆಚ್ಚಬೇಕು, ನೀರಿನಲ್ಲಿ ನೆನೆಸಲು. ಮೊಂಡು ಚೂರಿ ಆ ನಾರನ್ನು ಎಳೆಯುತ್ತದೆ. ಇದು ಎಳೆಯುವುದಿಲ್ಲ, ಇಳಿಯುತ್ತದೆ. ಹಲಸಿನಕಾಯಿಗೆ ಮೊದಲೇ ತೆಂಗಿನೆಣ್ಣೆ ಸವರಿದರೆ ಮೇಣ ಅಂಟುವುದಿಲ್ಲ.

ಈ ಉಕ್ಕು ಸ್ಟೇನ್‌ಲೆಸ್ ಅಲ್ಲ, ಅದನ್ನು ತಿಳಿದೇ ಇಟ್ಟುಕೊಳ್ಳಬೇಕು. ನಮ್ಮ ಮಳೆಗಾಲದಲ್ಲಿ ಒದ್ದೆಯಾಗಿ ಸಿಂಕಿನಲ್ಲಿ ಬಿಟ್ಟರೆ ಬೆಳಿಗ್ಗೆ ಕೆಂಪು ತುಕ್ಕು. ತೊಳೆದ ಕೂಡಲೇ ಒರೆಸಿ ಒಣ ಜಾಗದಲ್ಲಿಡಬೇಕು. ಇದಕ್ಕೂ ಒಂದು ಕೊಡಗಿನ ಮದ್ದು ಇದೆ, ಕಾಚಂಪುಳಿ. ಪಂದಿ ಕರಿಗೆ ಹಾಕುವ ಆ ಕಪ್ಪು ಹುಳಿ ಅಲಗಿಗೆ ತಾಗಿದರೆ ಉಕ್ಕು ಬೂದು ನೀಲಿಯಾಗಿ, ಆಮೇಲೆ ಕಪ್ಪಾಗಿ ತಿರುಗುತ್ತದೆ. ಅದು ತುಕ್ಕಲ್ಲ, ಹುಳಿ ಮತ್ತು ಕಬ್ಬಿಣ ಸೇರಿ ಆದ ತೆಳು ಪದರ. ಅದು ಚೆನ್ನಾಗಿ ಕೂತ ಮೇಲೆ ಕೆಂಪು ತುಕ್ಕು ಅಷ್ಟು ಬೇಗ ಹತ್ತುವುದಿಲ್ಲ. ನಾನು ಹೊಸ ಅಲಗಿಗೆ ಬಟ್ಟೆಯಲ್ಲಿ ನೀರು ಬೆರೆಸಿದ ಕಾಚಂಪುಳಿ ಸವರಿ, ಸ್ವಲ್ಪ ಹೊತ್ತು ಬಿಟ್ಟು ತೊಳೆದು, ತೆಂಗಿನೆಣ್ಣೆ ಹಚ್ಚುತ್ತೇನೆ. ಬೆನ್ನಿನ ಕಡೆ ಮೋಡ ಕವಿದಂಥ ಬಣ್ಣ ಬರುತ್ತದೆ, ಯಾವ ಪಾಲಿಶ್‌ಗಿಂತಲೂ ಅದೇ ನನಗೆ ಇಷ್ಟ.

ಈ ಕಕ್ಕಡಕ್ಕೆ ಇನ್ನೊಂದು ಕೆಲಸ ಇಟ್ಟುಕೊಂಡಿದ್ದೇನೆ. 1200 ಡಿಗ್ರಿಯವರೆಗೆ ಅಳೆಯುವ ಕೆ ಟೈಪ್ ಥರ್ಮೋಕಪಲ್ ತಂದಿದ್ದೇನೆ. ಅದನ್ನು ಆಚಾರಿಗಳ ಕುಲುಮೆಯಲ್ಲಿಟ್ಟು, ಅವರು ನೆರಳು ಸರಿಯಿತು ಅಂದಾಗ ಎಷ್ಟು ಡಿಗ್ರಿ, ಸಾಕು ಅಂದಾಗ ಎಷ್ಟು ಡಿಗ್ರಿ ಅಂತ ಬರೆದುಕೊಳ್ಳಬೇಕು. ಅರಕ್ಕೆ ಬೇರೆ, ಕಮಾನು ಪಟ್ಟಿಗೆ ಬೇರೆ. ಅವರು ಒಪ್ಪಿದ್ದಾರೆ. ಮಗನನ್ನೂ ಆ ದಿನ ಅಂಗಡಿ ಮುಚ್ಚಿ ಬರಲು ಹೇಳಿದ್ದಾರೆ. ಒಂದೇ ಷರತ್ತು ಹಾಕಿದರು: 'ಮೊದ್ಲು ನಾನು ಹೇಳ್ತೀನಿ, ಆಮೇಲೆ ನೀವು ನಂಬರ್ ನೋಡಿ.' ಬಂದ ಅಂಕಿಗಳನ್ನೆಲ್ಲ ಇಲ್ಲೇ ಹಾಕುತ್ತೇನೆ. ಅಷ್ಟರೊಳಗೆ ನಿಮ್ಮ ಸ್ಟೋರಿನ ಮೂಲೆಯಲ್ಲಿರುವ ಅರಗಳನ್ನು ಗುಜರಿಗೆ ಕೊಡಬೇಡಿ.